ಮುಂಬೈಯಲ್ಲಿ ಸಾಕಲು ಪದ್ಮಿನಿಯೇ ಸರಿಯಾ?

ಪರ: ಇದು ಕುರ್ಲಾದಲ್ಲಿ ಹುಟ್ಟಿದ ಗಾಡಿ

ಹಳೇ ಕಾರು ಇಟ್ಟುಕೊಳ್ಳೋದಾದರೆ ಅಂಬಾಸಿಡರಾ, ಪ್ರೀಮಿಯರ್ ಪದ್ಮಿನಿಯಾ? ಮಾಟುಂಗಾದ ನಮ್ಮ ಮನೆಯಲ್ಲಿ ಈ ಜಗಳ ಇನ್ನೂ ಮುಗಿದಿಲ್ಲ. ನಾನು ಪದ್ಮಿನಿ ಕಡೆ. ಅಪ್ಪನ ಗಾಡಿ ಅನ್ನೋದೊಂದೇ ಕಾರಣವಲ್ಲ.

ಎಂಜಿನ್ 1089 ಸಿಸಿ, ಸುಮಾರು 40 ಹಾರ್ಸ್ ಪವರ್. ಕೇಳೋಕೆ ಕಡಿಮೆಯೇ. ಆದರೆ ತೂಕ 900 ಕಿಲೋ ಒಳಗೆ, ಹಾಗಾಗಿ ಸಿಗ್ನಲ್ ಬಿಟ್ಟ ಕೂಡಲೇ ಹಗುರಾಗಿ ಹೊರಡುತ್ತದೆ. ಸ್ಟೀರಿಂಗ್ ಪಕ್ಕದ ಹ್ಯಾಂಡ್ ಗೇರ್ ಒಮ್ಮೆ ಕೈಗೆ ಕುದುರಿದರೆ ಬೇರೆ ಗೇರ್ ಬೇಡ ಅನ್ನಿಸುತ್ತದೆ. ಅಂಬಾಸಿಡರ್ ಇದಕ್ಕಿಂತ ಒಂದು ಅಡಿಗೂ ಜಾಸ್ತಿ ಉದ್ದ. ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಗೋಡೆಗೂ ಪಕ್ಕದವರ ಸ್ಕೂಟರಿಗೂ ನಡುವೆ ಆ ಒಂದು ಅಡಿಯೇ ಇಲ್ಲ.

ಇನ್ನು ರಿಪೇರಿ. ಕುರ್ಲಾದಲ್ಲಿ ತಯಾರಾಗಿ, ಈ ಊರಲ್ಲೇ ದಶಕಗಟ್ಟಲೆ ಟ್ಯಾಕ್ಸಿಯಾಗಿ ಓಡಿದ ಗಾಡಿ. ಕೊನೆಯ ಪದ್ಮಿನಿ ಟ್ಯಾಕ್ಸಿಗಳು ರಸ್ತೆ ಬಿಟ್ಟದ್ದು 2023ರ ಅಕ್ಟೋಬರಿನಲ್ಲಿ, ಮೊನ್ನೆ ಮೊನ್ನೆ. ಆ ಟ್ಯಾಕ್ಸಿಗಳ ಮೇಲೇ ಕೈ ಪಳಗಿಸಿಕೊಂಡ ಮಿಸ್ತ್ರಿಗಳು ಇನ್ನೂ ಇದ್ದಾರೆ. ಸ್ಪಾರ್ಕಿನ ಕರೆಂಟ್ ಕೂಡಿಸಿ ಕಡಿಯುವ ಕಾಂಟ್ಯಾಕ್ಟ್ ಪಾಯಿಂಟನ್ನು ಪಾಲಿಶ್ ಪೇಪರಿನಲ್ಲಿ ತಿಕ್ಕೋದು, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್ ಬಿಚ್ಚಿ ಅದರ ಜೆಟ್ (ಪೆಟ್ರೋಲ್ ಹೋಗುವ ಸಣ್ಣ ತೂತು) ಊದೋದು ನಾನೇ ಕಲಿತೆ. ಪೆಟ್ರೋಲಿಗೆ 20% ಎಥೆನಾಲ್ ಬೆರೆಸೋಕೆ ಶುರುವಾದ ಮೇಲೆ, ಅದು ಹಳೇ ರಬ್ಬರನ್ನು ಹಾಳುಮಾಡುತ್ತದೆ ಅಂತ, ರಬ್ಬರ್ ಪೈಪುಗಳನ್ನೆಲ್ಲ ಬದಲಾಯಿಸಿದೆ. ಬಿಡಿಭಾಗದ ಅಂಗಡಿಗಳಿರೋ ಸಿಎಸ್‌ಟಿ ರಸ್ತೆಯಲ್ಲಿ ಒಂದೇ ಮಧ್ಯಾಹ್ನಕ್ಕೆ ಎಲ್ಲ ಸಿಕ್ಕಿತು.

ವಿರೋಧ: ಮನೆಮಂದಿಗೆ ಅಂಬಾಸಿಡರೇ ಬೇಕು

ಅಣ್ಣ ಹೇಳಿದ್ದರಲ್ಲಿ ಸುಳ್ಳಿಲ್ಲ. ಆದರೆ ಕಾರು ಇರೋದು ಸೊಸೈಟಿಯಲ್ಲಿ ನಿಲ್ಲಿಸೋಕೆ ಮಾತ್ರ ಅಲ್ವಲ್ಲ.

ಮೇ ತಿಂಗಳಲ್ಲಿ ಇದೇ ಪದ್ಮಿನಿಯಲ್ಲಿ ಪುಣೆಗೆ ಮದುವೆಗೆ ಹೊರಟಿದ್ದೆವು. ಐದು ಜನ, ಮೇಲೆ ಸಾಮಾನು. ಖಂಡಾಲಾ ಘಾಟಿಯಲ್ಲಿ ಸೆಕೆಂಡ್ ಗೇರಿನಲ್ಲೇ ಏರಿ ಏರಿ, ಗಾಡಿ ಕೆಮ್ಮಿ ನಿಂತಿತು. ಎಂಜಿನ್ನಿಗೆ ಪೆಟ್ರೋಲ್ ಕಳಿಸುವ ಪಂಪಿನಲ್ಲೇ ಅದು ಬಿಸಿಗೆ ಆವಿಯಾಗಿತ್ತು. ಅಣ್ಣ ಪಂಪಿನ ಮೇಲೆ ಟವೆಲ್ ಸುತ್ತಿದ. ಅಮ್ಮ ಕುಡಿಯೋಕೆ ತಂದ ನೀರನ್ನು ಅದರ ಮೇಲೆ ಸ್ವಲ್ಪ ಸ್ವಲ್ಪವಾಗಿ ಸುರಿದಳು. ಮುಕ್ಕಾಲು ಗಂಟೆ ಬಿಸಿಲಲ್ಲಿ ನಿಂತೆವು. ತಪ್ಪು ಗಾಡಿಯದಲ್ಲ, ಅಷ್ಟು ಚಿಕ್ಕ ಎಂಜಿನ್ನಿಗೆ ಅಷ್ಟು ಭಾರ ಹೊರಿಸಿದ ನಮ್ಮದು. ಆದರೆ ನಮ್ಮ ಮನೆಯ ಭಾರ ಇರೋದೇ ಅಷ್ಟು.

ಅಂಬಾಸಿಡರಿನ ಹಳೇ ಎಂಜಿನ್ನೇ 1489 ಸಿಸಿ. ಆಮೇಲೆ ಬಂದ ಇಸುಜು ಎಂಜಿನ್ 1817 ಸಿಸಿ, ಐದು ಗೇರ್. ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಒಪ್ಪಿದೆ. ಕಾಗದಪತ್ರದ ಕಡೆಯೂ ನೋಡಿ. ಪದ್ಮಿನಿಗೆ 5 ವರ್ಷಕ್ಕೊಮ್ಮೆ ಆರ್‌ಟಿಒ ಪಾಸಿಂಗ್ (ಗಾಡಿ ತಪಾಸಣೆ ಮಾಡಿಸಿ ನೋಂದಣಿ ನವೀಕರಿಸೋದು), ಜೊತೆಗೆ ಹಳೇ ಗಾಡಿಗಳ ಮೇಲಿನ ಗ್ರೀನ್ ಟ್ಯಾಕ್ಸ್. 50 ವರ್ಷ ದಾಟಿದ ಗಾಡಿಯನ್ನು ವಿಂಟೇಜ್ ಅಂತ ನೋಂದಾಯಿಸಬಹುದು, ಆದರೆ ಆಮೇಲೆ ದಿನಾ ಓಡಿಸುವಂತಿಲ್ಲ. ಅಂಬಾಸಿಡರ್ 2014ರವರೆಗೂ ತಯಾರಾಗಿದೆ. ಕೊನೆಕೊನೆಯ ಗಾಡಿ ಸಿಕ್ಕರೆ ಮೊದಲ 15 ವರ್ಷದ ನೋಂದಣಿಯೇ ಇನ್ನೂ ಮುಗಿದಿರೋದಿಲ್ಲ.

ಹೋದ ವರ್ಷ ಗೆಳೆಯನ ಅಂಬಾಸಿಡರಿನಲ್ಲಿ ಅದೇ ಘಾಟಿ ಹತ್ತಿದೆವು. ಅಮ್ಮನಿಗೆ ಮೊಣಕಾಲು ನೋವು. ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂತವಳು ಲೋನಾವಳ ದಾಟಿದ್ದು ಗೊತ್ತಾಗದ ಹಾಗೆ ನಿದ್ದೆ ಹೋಗಿದ್ದಳು.