ಇನ್ನೈವತ್ತಡಿ

ನಾಗಮಂಗಲದ ಕಡೆ ಒಂದು ತೋಟದಲ್ಲಿ ಬೋರ್ ಗಾಡಿ ನಿಂತಿದೆ, ಬೆಳಗ್ಗೆ ನೋಡಿಕೊಂಡು ಬಂದೆ. 600 ಅಡಿ ಇಳಿದಿದೆ, ಮೇಲೆ ಬರ್ತಿರೋದು ಬರೀ ಧೂಳು. ಸುತ್ತ ನಿಂತವರಲ್ಲೊಬ್ಬರು, "ಇಷ್ಟ್ ದುಡ್ಡು ಸುರ್ದಾಯ್ತು, ಇನ್ನೈವತ್ತಡಿ ನೋಡೇ ಬುಡಣ ಕಣಣ್ಣ" ಅಂದರು. ಎಲ್ಲರೂ ತಲೆಯಾಡಿಸಿದರು, ದುಡ್ಡು ಕೊಡೋ ಯಜಮಾನರೂ ಸೇರಿ. ಮೈ ಉರಿದುಹೋಯ್ತು.

"ಸುರ್ದಾಯ್ತು" ಅನ್ನೋದಕ್ಕೂ "ನೋಡೇ ಬುಡಣ" ಅನ್ನೋದಕ್ಕೂ ಏನ್ರೀ ಸಂಬಂಧ? ಈಗ ನಿಲ್ಲಿಸಿದರೂ ಆ 600 ಅಡಿ ಬಿಲ್ ಕಟ್ಟಬೇಕು, ಮುಂದೆ ಹೋದರೂ ಕಟ್ಟಬೇಕು. ಕೇಳಬೇಕಾದ್ದು ಮುಂದಿನ ಐವತ್ತಡಿಗೆ ಎಷ್ಟಾಗುತ್ತೆ, ಅದರಲ್ಲಿ ನೀರು ಸಿಗೋ ಸಂಭವ ಎಷ್ಟು ಅಂತ. ಮುಳುಗಿದ ದುಡ್ಡಿನ ಹಿಂದೆ ಬೀಳೋ ಈ ಚಾಳಿ ನಮ್ಮವರದ್ದು ಮಾತ್ರ ಅಲ್ಲ ಬಿಡಿ. 1985ರಲ್ಲಿ ಅಮೆರಿಕದ ಮನಶ್ಶಾಸ್ತ್ರ ಸಂಶೋಧಕರಾದ ಆರ್ಕ್ಸ್ ಮತ್ತು ಬ್ಲೂಮರ್ ಒಂದು ಪ್ರಶ್ನೆ ಕೇಳಿದ್ದರು: ಎರಡು ಪ್ರವಾಸದ ಟಿಕೆಟ್ ತಗೊಂಡಿದ್ದೀರಿ, ಒಂದಕ್ಕೆ 100 ಡಾಲರ್, ಇನ್ನೊಂದಕ್ಕೆ 50. ಎರಡೂ ಒಂದೇ ದಿನ ಬಿದ್ದಿವೆ, ಟಿಕೆಟ್ ವಾಪಸ್ ಆಗಲ್ಲ, ಹೆಚ್ಚು ಖುಷಿ ಕೊಡೋದು 50ರದ್ದೇ. ಯಾವುದಕ್ಕೆ ಹೋಗ್ತೀರಿ? ಅರ್ಧಕ್ಕಿಂತ ಹೆಚ್ಚು ಜನ 100ರದ್ದಕ್ಕೆ ಅಂದರು. ಓದಿದೋರ ಕಥೆಯೇ ಇದು.

ಈಗ ಲೆಕ್ಕಕ್ಕೆ ಬನ್ನಿ. ದರ ಊರಿಗೊಂದು ಥರ, ಸುಮ್ಮನೆ ಹೀಗಿದೆ ಅಂದ್ಕೊಳ್ಳಿ: ಮೊದಲ 300 ಅಡಿಗೆ ಅಡಿಗೆ 100 ರೂಪಾಯಿ, ಆಮೇಲೆ ಪ್ರತಿ ನೂರಡಿಗೂ ಹತ್ತತ್ತು ರೂಪಾಯಿ ಏರಿಕೆ. 600ಕ್ಕೆ 66,000 ಆಯ್ತು, ಕೇಸಿಂಗ್ (ಮೇಲಿನ ಮಣ್ಣು ಕುಸಿಯದ ಹಾಗೆ ಇಳಿಸೋ ಪೈಪು) ಬೇರೆ. ಮುಂದಿನ ಐವತ್ತಡಿಗೆ 7,000. ಅರವತ್ತಾರು ಸಾವಿರದ ಪಕ್ಕ ಏಳು ಸಾವಿರ ಚಿಲ್ಲರೆ ಥರ ಕಾಣುತ್ತೆ, ಅಲ್ಲೇ ಮೋಸ. ಇದೇ ಏಳು ಸಾವಿರಕ್ಕೆ ಗೊಬ್ಬರದ ಅಂಗಡಿಯಲ್ಲಿ ಅರ್ಧ ಗಂಟೆ ಚೌಕಾಸಿ ಮಾಡ್ತಾರೆ. ಅದೂ ಅಲ್ಲದೆ 650 ಅಡಿಯಲ್ಲಿ ನೀರು ಸಿಕ್ಕಿ ಮೋಟಾರ್ ಅಷ್ಟು ಆಳಕ್ಕೆ ಇಳಿಸೋದಾದರೆ ಹೆಚ್ಚು ಎಚ್‌ಪಿ, ಉದ್ದದ ಪೈಪು, ದಪ್ಪ ಕೇಬಲ್ ಬೇಕು. ಆ ಖರ್ಚು ಗಾಡಿ ಹತ್ತಿರ ನಿಂತೋರ ಬಾಯಲ್ಲಿ ಬರೋದೇ ಇಲ್ಲ.

ನಮ್ಮ ಸೀಮೆ ಕೆಳಗಿರೋದು ಗಟ್ಟಿ ಬಂಡೆ. ನೀರು ನಿಲ್ಲೋದು ಮೇಲಿನ ಕೊಳೆತ ಕಲ್ಲಿನ ಪದರದಲ್ಲಿ, ಅದರ ಕೆಳಗೆ ಬಂಡೆಯ ಬಿರುಕುಗಳಲ್ಲಿ. ಆಳಕ್ಕೆ ಹೋದಷ್ಟೂ ಸಾಮಾನ್ಯವಾಗಿ ಬಿರುಕು ಕಡಿಮೆ, ಇರೋವೂ ಬಿಗಿ. ಅಂದರೆ ಅಡಿಯ ದರ ಏರ್ತಾ ಹೋಗುತ್ತೆ, ನೀರಿನ ಸಂಭವ ಇಳೀತಾ ಹೋಗುತ್ತೆ. ಇಂಥ ಕಡೆ "ಇನ್ನೈವತ್ತು"!

"ಪಕ್ಕದೂರಲ್ಲಿ ಕೊನೇ ಇಪ್ಪತ್ತಡೀಲಿ ಮೂರಿಂಚು ನೀರು ಉಕ್ತು" ಅಂತೀರಿ. ಉಕ್ಕಿರಬಹುದು. ಅದನ್ನ ಹತ್ತೂರು ಜನ ನೋಡೋಕೆ ಹೋಗಿರ್ತಾರೆ, ಅದಕ್ಕೇ ನಿಮ್ಮ ತಲೇಲೂ ಇದೆ. ಬತ್ತಿದ ಬೋರಿನ ಬಾಯಿಗೆ ಕಲ್ಲು ಮುಚ್ಚಿ ಮನೆಗೆ ಹೋದೋರನ್ನ ಯಾರು ನೋಡೋಕೆ ಹೋಗ್ತಾರೆ? (ಕಲ್ಲಲ್ಲ, ಭದ್ರವಾಗಿ ಮುಚ್ಚಿ, ಮಣ್ಣು ತುಂಬಿಸಿ. ಮಕ್ಕಳು ಬೀಳ್ತಾರೆ.) ಬೇಗ ನೆನಪಿಗೆ ಬಂದದ್ದೇ ಹೆಚ್ಚು ನಡೆಯೋದು ಅಂತ ಮನಸ್ಸು ಲೆಕ್ಕ ಹಾಕುತ್ತೆ. ಮನಶ್ಶಾಸ್ತ್ರಜ್ಞರಾದ ಟ್ವರ್ಸ್ಕಿ, ಕಾನಮನ್ ಇಬ್ಬರೂ ಇದನ್ನ 1973ರಲ್ಲೇ ಬರೆದಿಟ್ಟಿದ್ದಾರೆ.

ಇನ್ನೊಂದು ಮಾತು ಕೇಳಿದರಂತೂ ಕೋಪ ನೆತ್ತಿಗೇರುತ್ತೆ: "ನಾಕು ಫೇಲಾಗವೆ, ಐದನೇದು ಬಂದೇ ಬತ್ತದೆ." 1913ರ ಆಗಸ್ಟ್ 18ರಂದು ಮಾಂಟೆ ಕಾರ್ಲೊ ಜೂಜಿನ ಮನೆಯಲ್ಲಿ, ಕೆಂಪು-ಕಪ್ಪು ಮನೆಗಳಿರೋ ರೂಲೆಟ್ ಚಕ್ರದಲ್ಲಿ ಗೋಲಿ ಸತತ 26 ಸಲ ಕಪ್ಪಿನ ಮೇಲೆ ನಿಂತಿತು. ಇನ್ನು ಕೆಂಪು ಬಂದೇ ಬರುತ್ತೆ ಅಂತ ಕಟ್ಟಿ ಕಟ್ಟಿ ಜನ ದಿವಾಳಿಯಾದರು. ಚಕ್ರಕ್ಕೆ ಹಿಂದಿನದು ನೆನಪಿರಲ್ಲ. ನಿಮ್ಮ ಹೊಲದ್ದು ಇನ್ನೂ ಕಷ್ಟ: ಒಂದೇ ಹೊಲದಲ್ಲಿ ನಾಲ್ಕು ಬತ್ತಿದರೆ ಐದನೆಯದೂ ಬತ್ತೋ ಸಂಭವವೇ ಹೆಚ್ಚು. ಕೆಳಗಿರೋದು ಅದೇ ಬಂಡೆ ತಾನೇ?

ಹೌದಪ್ಪಾ, ಅಂದಾಜೆಲ್ಲ ತಪ್ಪಲ್ಲ. ಮದ್ದೂರಿನ ಎಳನೀರು ವ್ಯಾಪಾರಿ ಕಾಯಿ ನೋಡಿದ ತಕ್ಷಣ ಗಂಜಿ ಎಷ್ಟಿದೆ ಅಂತ ಹೇಳ್ತಾರೆ, ಸರಿಯಾಗೇ ಹೇಳ್ತಾರೆ. ಯಾಕಂದ್ರೆ ದಿನಕ್ಕೆ ನೂರಾರು ಕಾಯಿ ಕೊಚ್ತಾರೆ, ತಪ್ಪಿದ್ದು ಅಲ್ಲೇ ಕಾಣುತ್ತೆ. ನೀವು ಜೀವಮಾನದಲ್ಲಿ ಕೊರೆಸೋದು ಎಷ್ಟು ಬೋರು? ದಿನಾ ಕೊರೆಯೋ ಗಾಡಿಯವರಿಗೆ ಕಲ್ಲಿನ ಪುಡಿ ನೋಡಿದರೆ ಗೊತ್ತಾಗುತ್ತೆ, ಆದರೆ ಅವರಿಗೆ ಕೂಲಿ ಅಡಿ ಲೆಕ್ಕದಲ್ಲಿ. ಏಜೆಂಟ್ ಬಂದ ತಕ್ಷಣ "ಇಲ್ಲೆಲ್ಲಾ ಸಾವಿರ ಅಡಿ ಸ್ವಾಮಿ" ಅಂತ ಒಂದು ಗೂಟ ಹೊಡೆದಿರ್ತಾನೆ. ಆಮೇಲೆ 700 ಕೂಡ ಕಡಿಮೆ ಅನ್ನಿಸುತ್ತೆ.

ಮಾಡೋದಿದ್ದರೆ ಗಾಡಿ ಬರೋ ಹಿಂದಿನ ದಿನ ಮಾಡಿ. ಸುತ್ತಲ ಹತ್ತು ಬೋರಿನ ಆಳ ಬರ್ಕೊಳ್ಳಿ, ಫೇಲಾದವನ್ನೂ ಸೇರಿಸಿ. ನೀರು ಬಂದವರಿಗೆ ಎಷ್ಟನೇ ಅಡಿಯಲ್ಲಿ ಸಿಕ್ತು ಕೇಳಿ, ಕೊನೆಗೆ ಎಷ್ಟಕ್ಕೆ ನಿಲ್ಲಿಸಿದರು ಅನ್ನೋದಲ್ಲ. ನೂರಡಿಗೊಂದರಂತೆ ದರ ಚೀಟಿಯಲ್ಲಿ ಬರೆಸ್ಕೊಳ್ಳಿ, ಕೇಸಿಂಗ್ ಬೇರೆಯಾಗಿ. ಆಮೇಲೆ ಎಲ್ಲಿ ನಿಲ್ಲಿಸಬೇಕು ಅನ್ನೋ ಅಡಿ ಬರೆದು, ದುಡ್ಡಿನ ಜೊತೆ ಮನೆಯವರ ಕೈಗೆ ಕೊಡಿ. ಆ ಅಡಿ ಬಂದಾಗ ಯಜಮಾನ ಗಾಡಿ ಹತ್ತಿರ ಇರಲೇಬಾರದು. ಕಂಪ್ರೆಸರ್ ಸದ್ದಲ್ಲಿ, ಹತ್ತು ಜನರ ಮುಂದೆ "ಸಾಕು" ಅನ್ನೋಕೆ ಬಾಯಿ ಬರಲ್ಲ. ನನಗೂ ಬರಲ್ಲ, ಇಷ್ಟೆಲ್ಲಾ ಓದ್ಕೊಂಡೂ.

ನೀರಿನ ಪಾಯಿಂಟ್ ನೋಡುವಾಗ ತೆಂಗಿನಕಾಯಿ ಅಂಗೈ ಮೇಲೆ ಎದ್ದು ನಿಂತ ವಿಚಾರ ಕಾಮೆಂಟಲ್ಲಿ ಹಾಕೋರು ಹಾಕಿ, ಬೇಡ ಅನ್ನಲ್ಲ. ಪಾಯಿಂಟ್ ನೋಡಿದ ಅದೇ ಪುಣ್ಯಾತ್ಮರು ಒಟ್ಟು ಎಷ್ಟು ಪಾಯಿಂಟ್ ಕೊಟ್ಟಿದ್ದಾರೆ, ಎಷ್ಟು ಬತ್ತಿವೆ, ಅದನ್ನೂ ಪಕ್ಕದಲ್ಲೇ ಬರೀರಿ.