ಮೋರಿಗೊಂದು ಮಾರುದ್ದದ ಹೆಸರು

ನಮ್ಮ ಬೀದಿಯಲ್ಲಿ ಮೋರಿ ಅಗೆದಿದ್ದಾರೆ. ಪಕ್ಕದಲ್ಲೇ ಬೋರ್ಡು: 'ಕಾಂಪ್ರಹೆನ್ಸಿವ್ ರೀಹ್ಯಾಬಿಲಿಟೇಶನ್ ಆಫ್ ಸ್ಟಾರ್ಮ್ ವಾಟರ್ ಡ್ರೈನೇಜ್ ಇನ್‌ಫ್ರಾಸ್ಟ್ರಕ್ಚರ್'. ನಡೆಯುತ್ತಾ ಓದಬೇಡಿ. ಓದಿ ಮುಗಿಸುವ ಹೊತ್ತಿಗೆ ಮೋರಿಯೊಳಗೇ ಇರುತ್ತೀರಿ.

ಬೋರ್ಡು ಬರೆಸಿದವರ ಬುದ್ಧಿಗೆ ಶಹಬ್ಬಾಸ್ ಅನ್ನಲೇಬೇಕು. 'ಮೋರಿ ರಿಪೇರಿ' ಅಂತ ಹಾಕಿದ್ದರೆ, ಯಾವಾಗ ಮುಗಿಸುತ್ತೀರಪ್ಪ ಅಂತ ಹಾಲಿನವನೂ ಕೇಳುತ್ತಿದ್ದ. ರೀಹ್ಯಾಬಿಲಿಟೇಶನ್ ಅಂದ ಮೇಲೆ ಕೇಳುವ ಧೈರ್ಯ ಯಾರಿಗಿದೆ? ಮಳೆಯ ಕಥೆಯೂ ಅಷ್ಟೇ. ವರ್ಷಾ ವರ್ಷಾ ಬಂದು ಅದದೇ ಅಂಡರ್‌ಪಾಸ್ ಮುಳುಗಿಸುವ ಮಳೆ, ಟಿವಿ ಮೈಕಿನ ಮುಂದೆ ಮಾತ್ರ ಪ್ರತಿ ಸಲವೂ ಹಿಂದೆಂದೂ ಕಾಣದ 'ಅನ್‌ಪ್ರೆಸಿಡೆಂಟೆಡ್'.

ಉದ್ದ ಪದ ಅಂದರೆ ಸಂಸದ ಶಶಿ ತರೂರ್ ನೆನಪಾಗುತ್ತಾರೆ, ಅಲ್ವಾ? 2018ರಲ್ಲಿ ತಮ್ಮ ಹೊಸ ಪುಸ್ತಕದ ಸುದ್ದಿ ಹೇಳುವಾಗ 'ಫ್ಲಾಕ್ಸಿನಾಸಿನಿಹಿಲಿಪಿಲಿಫಿಕೇಶನ್' ಅಂತ ಒಂದು ಟ್ವೀಟ್ ಬಿಟ್ಟರು. ಇಂಗ್ಲಿಷಿನಲ್ಲಿ 29 ಅಕ್ಷರ; ಅರ್ಥ, ಒಂದನ್ನು ಬೆಲೆಯಿಲ್ಲದ್ದು ಅಂತ ತಳ್ಳಿಹಾಕುವುದು, ಅಷ್ಟೇ. ಜನ ಡಿಕ್ಷನರಿಗೆ ಓಡಿದರು. ಅದು ಅವರ ಚಟ, ಇರಲಿ ಬಿಡಿ. ಅದರಿಂದ ಯಾರ ಮನೆ ಮುಂದೆಯೂ ಗುಂಡಿ ಬಿದ್ದಿಲ್ಲ.

ಅದಕ್ಕಿಂತ ಉದ್ದದ್ದೂ ಇದೆ, 45 ಅಕ್ಷರದ್ದು: 'ನ್ಯುಮೊನೊಅಲ್ಟ್ರಾಮೈಕ್ರೊಸ್ಕೋಪಿಕ್‌ಸಿಲಿಕೊವೊಲ್ಕೇನೊಕೊನಿಯೋಸಿಸ್'. ಉಸಿರು ತೆಗೆದುಕೊಳ್ಳಿ. 1935ರಲ್ಲಿ ಅಮೆರಿಕದ ಒಗಟು ಪ್ರಿಯರ ಸಂಘದ ಅಧ್ಯಕ್ಷರು ಕಟ್ಟಿದ ಪದ ಇದು. ಯಾಕೆ? ಉದ್ದವಾಗಿರಲಿ ಅಂತ, ಸುಮ್ನೆ. ಸಣ್ಣ ಧೂಳು ಕುಡಿದು ಶ್ವಾಸಕೋಶಕ್ಕೆ ಬರುವ ಕಾಯಿಲೆ ಅಂತ ಅದಕ್ಕೊಂದು ಅರ್ಥವನ್ನೂ ಅಂಟಿಸಿದರು. ಕಲ್ಲು ಕ್ವಾರಿಯ ಕೂಲಿಯವರಿಗೆ ಬರುವ ನಿಜವಾದ ಕಾಯಿಲೆಗೆ ಡಾಕ್ಟರು ಸಿಲಿಕೋಸಿಸ್ ಅಂತ ಬರೆದು ಮುಗಿಸುತ್ತಾರೆ. ಅಧ್ಯಕ್ಷರು ಈಗ ನಮ್ಮ ಬೆಂಗಳೂರಿನ ಔಟರ್ ರಿಂಗ್ ರೋಡಿನಲ್ಲಿ ಬೈಕಿನ ಹಿಂದೆ ಕೂತು ಬಂದಿದ್ದರೆ ಇನ್ನೂ ಹತ್ತು ಅಕ್ಷರ ಸೇರಿಸುತ್ತಿದ್ದರೋ ಏನೋ.

ರಿಂಗ್ ರೋಡ್ ಅಂದೆನಲ್ಲ, ಇನ್ನೊಂದು ರಿಂಗ್ ರೋಡ್ ಇದೆ. ಕಾಗದದ ಮೇಲೆ. ತುಮಕೂರು ರಸ್ತೆಯಿಂದ ಬಳ್ಳಾರಿ ರಸ್ತೆ, ಹಳೇ ಮದ್ರಾಸ್ ರಸ್ತೆ ದಾಟಿ ಹೊಸೂರು ರಸ್ತೆಗೆ. ಹೆಸರು ಪೆರಿಫೆರಲ್ ರಿಂಗ್ ರೋಡ್. ಜಮೀನು ಸ್ವಾಧೀನದ ಅಂತಿಮ ಅಧಿಸೂಚನೆ ಬಂದದ್ದು 2007ರಲ್ಲಿ. ರಸ್ತೆ ಬರಲಿಲ್ಲ, ಹೊಸ ಹೆಸರು ಬಂತು: ಬೆಂಗಳೂರು ಬಿಸಿನೆಸ್ ಕಾರಿಡಾರ್. ಎಂಥಾ ಪ್ರಗತಿ ನೋಡಿ! ರಿಂಗ್ ರೋಡಿನಲ್ಲಿ ಲಾರಿಯಾದರೂ ಓಡಬೇಕಿತ್ತು. ಕಾರಿಡಾರ್‌ಗೆ ಆ ಹಂಗೂ ಇಲ್ಲ.

ಆ ಗೆರೆಯೊಳಗೆ ಜಮೀನು ಸಿಕ್ಕಿಕೊಂಡ ರೈತನಿಗೆ ಇದು ಜೋಕಲ್ಲ. ಮಾರೋಣ ಅಂದರೆ ಕೊಳ್ಳುವವರಿಲ್ಲ. ಮನೆ ಕಟ್ಟೋಣ ಅಂದರೆ ಪ್ಲಾನಿಗೆ ಸಹಿ ಬೀಳುವುದಿಲ್ಲ. ಪರಿಹಾರ ಎಲ್ಲಿ ಸ್ವಾಮಿ ಅಂದರೆ, ನಗದು ಬೇಡವಾದರೆ 'ಟ್ರಾನ್ಸ್‌ಫರಬಲ್ ಡೆವಲಪ್‌ಮೆಂಟ್ ರೈಟ್ಸ್' ತಗೊಳ್ಳಿ ಅನ್ನುತ್ತಾರೆ. ಅಂದರೆ ಬೇರೆ ಕಡೆ ಹೆಚ್ಚುವರಿ ಕಟ್ಟಡ ಕಟ್ಟುವ, ಇಲ್ಲಾ ಆ ಹಕ್ಕನ್ನು ಮಾರಿಕೊಳ್ಳುವ ಚೀಟಿ. ಮಗಳ ಮದುವೆಗೆ ಛತ್ರದವನ ಕೈಗೆ ಅದನ್ನು ಕೊಡಲಾಗುತ್ತದೆಯೇ? ಅಧಿಸೂಚನೆ ಬಂದಾಗ ನಲವತ್ತು ದಾಟಿದ್ದವನಿಗೆ ಈಗ ಅರವತ್ತರ ಮಂಡಿನೋವು. ಇನ್ನೂ ಕಚೇರಿ ಮೆಟ್ಟಿಲು ಹತ್ತುತ್ತಿದ್ದಾನೆ. ನಗಿಸಲು ಕೂತವನಿಗೂ ಇಲ್ಲಿ ನಗು ಬರುವುದಿಲ್ಲ.

ದುಡ್ಡು ಕೊಡಿ, ಇಲ್ಲಾ ಜಮೀನು ಬಿಡಿ. ಎರಡರಲ್ಲಿ ಒಂದು ಮಾಡ್ರಪ್ಪಾ.