‘ಮಂತ್ರಮುಗ್ಧ’ ತಪ್ಪು ಪದವಲ್ಲ

‘ಮುಗ್ಧ ಅಂದ್ರೆ ಏನೂ ತಿಳಿಯದ ಮಗುವಿನಂಥವನು, ಹಾಗಾಗಿ ಮಂತ್ರಮುಗ್ಧ ಅನ್ನೋದೇ ತಪ್ಪು, ಮಂತ್ರಬದ್ಧ ಅಂತಲೇ ಬರೆಯಬೇಕು’ ಅನ್ನುವ ಸಂದೇಶವೊಂದು ಓಡಾಡುತ್ತಿದೆ. ಇದು ಸರಿಯಲ್ಲ.

ಮುಗ್ಧ ಪದ ಬಂದಿರುವುದು ಸಂಸ್ಕೃತದ ‘ಮುಹ್’ ಧಾತುವಿನಿಂದ. ಅದರ ಅರ್ಥ ಮಂಕಾಗು, ದಿಕ್ಕು ತಪ್ಪು, ಮೈಮರೆ. ಮೋಹ, ಮೋಹಕ, ಮೋಹಿನಿ ಎಲ್ಲವೂ ಅಲ್ಲಿಂದಲೇ ಹುಟ್ಟಿದವು, ಅಷ್ಟೇ ಯಾಕೆ, ‘ಮೂಢ’ ಕೂಡ ಅದೇ ಮನೆಯ ಮಗ (ಅಣ್ಣನಿಗೆ ಒಳ್ಳೆ ಹೆಸರು, ತಮ್ಮನಿಗೆ ಕೆಟ್ಟದ್ದು, ಪಾಪ). ಮೈಮರೆತವನು ಅನ್ನುವುದೇ ಮುಗ್ಧ ಪದದ ಮೂಲ ಅರ್ಥ. ಕಪಟ ಗೊತ್ತಿಲ್ಲದವನು ಅನ್ನುವ ಅರ್ಥ ಆಮೇಲೆ ಬೆಳೆದದ್ದು, ಈಗ ನಮಗೆ ಅದೇ ಜಾಸ್ತಿ ಪರಿಚಯ. ಹಾಗಾಗಿ ಮಂತ್ರಮುಗ್ಧ ಅಂದರೆ ಮಂತ್ರ ಹಾಕಿದ ಹಾಗೆ ಮೈಮರೆತವನು. ಸರಿಯಾಗೇ ಇದೆ ಅಲ್ವಾ?

ನಮ್ಮ ‘ಮರುಳು’ ಪದವನ್ನೇ ನೋಡಿ. ದನಿಗೆ ಮರುಳಾದೆ ಅಂದರೆ ಮನಸೋತೆ ಅಂತ. ‘ಜಾತ್ರೆ ಮರುಳೋ ಜನ ಮರುಳೋ’ ಅಂದಾಗ ಅದೇ ಪದ ಹುಚ್ಚು ಆಗುತ್ತದೆ. ಒಂದು ಪದಕ್ಕೆ ಒಂದೇ ಅರ್ಥ ಅಂತ ಹಟ ಹಿಡಿದರೆ ಇದನ್ನೂ ಬಿಡಬೇಕಾಗುತ್ತದೆ.

ತಪ್ಪು ನಿಜವಾಗಿ ಆಗುವುದು ಬೇರೆ ಕಡೆ. ‘ಮಂತ್ರಮುಗ್ಧ ಸಂಗೀತ’ ಅಂತ ಸುಮ್ನೆ ಬರೆದುಬಿಡುತ್ತಾರೆ. ಮೈಮರೆತದ್ದು ಕೇಳಿದವರು, ಸಂಗೀತ ಅಲ್ಲ. ‘ಮಂತ್ರಮುಗ್ಧಗೊಳಿಸುವ ಸಂಗೀತ’ ಅನ್ನಿ, ಅಥವಾ ಅಷ್ಟುದ್ದ ಯಾಕೆ, ‘ಮೋಡಿ ಮಾಡುವ ಸಂಗೀತ’ ಅಂದರೂ ಸಾಕು. ಹಾಂ, ಕೊನೆಯ ಅಕ್ಷರ ‘ಗ್ಧ’, ‘ಗ್ದ’ ಅಲ್ಲ.